ಆ ಮನವಿಗೆ ನಾನು ಯಾಕೆ ಸಹಿ ಹಾಕಲಿಲ್ಲ



ಹೋದ ವಾರ ನಮ್ಮ ಸಂಘಟನೆಯ ಹುಡುಗನೊಬ್ಬ ಒಂದು ಮನವಿಪತ್ರ ತಂದ. ಹಳೆಯ ಕನ್ನಡ ಸಿನಿಮಾಗಳು ಈಗ ಓಟಿಟಿಗೆ, ಯೂಟ್ಯೂಬಿಗೆ ಬರ್ತಾ ಇವೆ. ಅವುಗಳಲ್ಲಿ ನಮ್ಮ ಜಾತಿಗಳ ಹೆಸರು ಹಿಡಿದು ಬೈಯುವ ಮಾತುಗಳಿವೆ. ಅವನ್ನೆಲ್ಲ ಮ್ಯೂಟ್ ಮಾಡಬೇಕು, ಇಲ್ಲಾ ಕತ್ತರಿಸಬೇಕು ಅನ್ನೋದು ಮನವಿ. "ಅಣ್ಣಾ, ಮೊದಲ ಸಹಿ ನಿಮ್ಮದು" ಅಂದ. ಪೆನ್ನು ತಗೊಂಡೆ, ಆದರೆ ಸಹಿ ಹಾಕಲಿಲ್ಲ. ಅವನಿಗೆ ಬೇಜಾರಾಯ್ತು. ಆಮೇಲೆ ನಾಲ್ಕೈದು ಜನ ಫೋನ್ ಮಾಡಿ "ಏನಣ್ಣ, ನೀವೇ ಹೀಗಂದ್ರೆ ಹೇಗೆ?" ಅಂತ ಕೇಳಿದ್ರು. ಎಲ್ಲರಿಗೂ ಒಟ್ಟಿಗೆ ಇಲ್ಲೇ ಹೇಳ್ತೀನಿ.

ಆ ಹುಡುಗನ ನೋವು ಸುಳ್ಳಲ್ಲ. ನಾನು ಚಿಕ್ಕವನಿದ್ದಾಗ ಊರಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಭಾನುವಾರ ನಾವು ಅಂಗಳದಲ್ಲಿ ನಿಂತು ಕಿಟಕಿಯಿಂದ ನೋಡ್ತಿದ್ವಿ. ಒಂದು ಸಿನಿಮಾದಲ್ಲಿ ಊರ ಯಜಮಾನ ನಮ್ಮ ಜಾತಿ ಹೆಸರು ಹಿಡಿದು ಬೈದಾಗ ಒಳಗೆ ಕೂತವರು ನಕ್ಕರು. ಒಬ್ಬ ತಿರುಗಿ ನಮ್ಮ ಕಡೆ ನೋಡಿದ. ಅವ್ವ ನನ್ನ ಕೈ ಹಿಡಕೊಂಡು ಮನೆಗೆ ಬಂದಳು. ಆ ಸಿನಿಮಾ ಹೇಗೆ ಮುಗೀತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ "ಆ ಪದ ಕೇಳಿದ್ರೆ ಮೈ ಉರಿಯುತ್ತೆ" ಅನ್ನೋರಿಗೆ ನಾನು ಬುದ್ಧಿ ಹೇಳೋಕೆ ಹೋಗಲ್ಲ.

ಆದ್ರೆ ಅಳಿಸಿದ್ರೆ ಲಾಭ ಯಾರಿಗೆ ಅಂತ ಕೇಳಿಕೊಳ್ಳಬೇಕು. ಇದನ್ನ ಅಮೆರಿಕದ ಕಪ್ಪು ಜನ ನಮಗಿಂತ ಮೊದಲೇ ನೋಡಿದ್ದಾರೆ.

ಟಾಮ್ ಅಂಡ್ ಜೆರ್ರಿ ನಿಮ್ಮ ಮಕ್ಕಳೂ ನೋಡ್ತಾರೆ. 1940ರ ದಶಕದ ಕಂತುಗಳಲ್ಲಿ ಮನೆಗೆಲಸದ ಕಪ್ಪು ಹೆಂಗಸೊಬ್ಬಳು ಬರ್ತಾಳೆ. ಹೆಚ್ಚಾಗಿ ಕಾಲು ಮಾತ್ರ ಕಾಣುತ್ತೆ, ಮುಖ ತೋರಿಸೋದಿಲ್ಲ. ಅವಳಿಗೆ ದನಿ ಕೊಟ್ಟವರು ಲಿಲಿಯನ್ ರಾಂಡಾಲ್ಫ್ ಎಂಬ ಕಪ್ಪು ಕಲಾವಿದೆ. ಅದು ಅವಮಾನಕರ ಚಿತ್ರಣ, ಅನುಮಾನವೇ ಇಲ್ಲ. 1960ರ ದಶಕದಲ್ಲಿ ಟಿವಿಗೆ ಹಾಕುವಾಗ ಏನು ಮಾಡಿದ್ರು? ಕೆಲವು ಕಂತುಗಳಲ್ಲಿ ಅವಳ ಜಾಗಕ್ಕೆ ಬಿಳಿ ಹೆಂಗಸನ್ನ ಬರೆದು ಕೂರಿಸಿದ್ರು, ಬೇರೆಯವರಿಂದ ದನಿ ಕೊಡಿಸಿದ್ರು. ಕಂಪನಿಯ ಮುಜುಗರ ಹೋಯ್ತು. ಜೊತೆಗೆ ಒಬ್ಬ ಕಪ್ಪು ಹೆಂಗಸಿನ ದುಡಿಮೆಯೂ ಹೋಯ್ತು.

ಇನ್ನೊಂದು, 'ದಿ ಫ್ರೆಂಚ್ ಕನೆಕ್ಷನ್', 1971ರ ಸಿನಿಮಾ. ಅದರ ನಾಯಕ ನ್ಯೂಯಾರ್ಕಿನ ಪೊಲೀಸ್, ಜನಾಂಗದ್ವೇಷಿ. ಒಂದು ಕಡೆ ಕಪ್ಪು ಜನರ ಬಗ್ಗೆ ಕೊಳಕು ಪದ ಆಡ್ತಾನೆ. 2023ರಲ್ಲಿ ಕೆಲವು ಸ್ಟ್ರೀಮಿಂಗ್ ಪ್ರತಿಗಳಲ್ಲಿ ಆ ಕೆಲವು ಸೆಕೆಂಡು ಮಾಯವಾಗಿತ್ತು. ಕತ್ತರಿಸಿದ್ದೇವೆ ಅನ್ನೋ ಒಂದು ಸಾಲಿನ ಸೂಚನೆಯೂ ಪರದೆ ಮೇಲೆ ಇರಲಿಲ್ಲ. ಮನೆಯಲ್ಲಿ ಹಳೆಯ ಡಿಸ್ಕ್ ಇಟ್ಟುಕೊಂಡವರ ಹತ್ತಿರ ಮೂಲ ಉಳೀತು. ಇದರಿಂದ ಕಪ್ಪು ಜನರಿಗೆ ಏನು ಸಿಕ್ತು? ಪದ ಹೋಯ್ತು, ಪೊಲೀಸಪ್ಪ ಸ್ವಲ್ಪ ಒಳ್ಳೆಯವನಾದ. ಅಷ್ಟೇ.

ಈಗ ನಮ್ಮ 'ಚೋಮನದುಡಿ'ಗೆ ಬನ್ನಿ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975ರ ಸ್ವರ್ಣಕಮಲ, ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ. ಚೋಮನಿಗೆ ಇರೋದು ಒಂದೇ ಆಸೆ, ಒಂದು ತುಂಡು ಭೂಮಿ ಸ್ವಂತಕ್ಕೆ ಉಳಬೇಕು. ಅದು ಯಾಕೆ ಆಗಲ್ಲ? ಅವನು ಹೊಲೆಯ. ಅಲ್ಲಿ ಜಾತಿ ಹೆಸರು ಬರೀ ಬೈಗುಳ ಅಲ್ಲ, ಇಡೀ ಕಥೆಯ ಕಾರಣ. ಅದನ್ನ ಮ್ಯೂಟ್ ಮಾಡಿ ನೋಡಿ. ಯಾವನೋ ಒಬ್ಬ ನತದೃಷ್ಟ ಬಡವ, ಸಾಲ ಮಾಡಿದ, ಕುಡಿದ, ಸತ್ತ ಅನ್ನೋ ಕಥೆ ಉಳಿಯುತ್ತೆ. ಧಣಿ ನಿರಪರಾಧಿ ಆಗ್ತಾನೆ.

ಚೋಮನನ್ನ ಮೇಲ್ಜಾತಿಯ ಕಣ್ಣಿಂದ ನೋಡಿದ್ದಾರೆ, ಅವನಿಗೆ ಕೈಗೆ ದುಡಿ ಕೊಟ್ಟರು, ಬಾಯಿಗೆ ಸಿಟ್ಟು ಕೊಡಲಿಲ್ಲ ಅಂತ ನಾನೇ ಎಷ್ಟೋ ಸಭೆಗಳಲ್ಲಿ ಜಗಳ ಆಡಿದ್ದೀನಿ. ಆ ಜಗಳಕ್ಕೂ ಮೂಲ ಬೇಕಲ್ವಾ? ತಿದ್ದಿದ ಪ್ರತಿ ಇಟ್ಟುಕೊಂಡು ಯಾರನ್ನ ಪ್ರಶ್ನೆ ಮಾಡೋದು? ಕೋರ್ಟಿನಲ್ಲಿ ಸಾಕ್ಷಿ ತಿದ್ದಿದ್ರೆ ಅಪರಾಧಿ ತಾನೇ ಬಚಾವಾಗೋದು?

ಅಳಿಸೋದು ಅಂದ್ರೆ ಪದ ಅಳಿಸೋದು ಮಾತ್ರ ಅಲ್ಲ. ಹಳೆಯ ಕಪ್ಪು-ಬಿಳುಪು ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ 4:3. ಈಗಿನ ಟಿವಿ 16:9. ಪರದೆ ತುಂಬಲಿ ಅಂತ ಹಿಗ್ಗಿಸಿ ಕತ್ತರಿಸಿದ್ರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲುಭಾಗ ಹೋಗುತ್ತೆ. ಮೊನ್ನೆ ಫೋನಿನಲ್ಲಿ ಒಂದು ಹಳೆಯ ಸಿನಿಮಾ ನೋಡ್ತಿದ್ದೆ. ಜಗಲಿ ಮೇಲೆ ಧಣಿ ಪೂರ್ತಿ ಕಾಣ್ತಾನೆ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ ಆಳುಗಳ ತಲೆಗೂದಲು ಮಾತ್ರ. ಕತ್ತರಿಸಿದವನಿಗೆ ದುರುದ್ದೇಶ ಇರಲಿಕ್ಕಿಲ್ಲ. ಆದ್ರೆ ನಮ್ಮನ್ನ ಯಾವಾಗಲೂ ಚೌಕಟ್ಟಿನ ಅಂಚಿನಲ್ಲೇ ಕೂರಿಸಿದ್ದಾರೆ. ಅಂಚು ಕತ್ತರಿಸಿದಾಗ ಮೊದಲು ಹೋಗೋರು ನಾವೇ.

ಸಬ್‌ಟೈಟಲ್ ಕೂಡ ನೋಡಿ. ಕನ್ನಡದಲ್ಲಿ ಪಾತ್ರ ಜಾತಿ ಹೆಸರು ಹೇಳ್ತಾ ಇರುತ್ತೆ, ಕೆಳಗೆ ಇಂಗ್ಲಿಷಿನಲ್ಲಿ ಬರೀ "ಕೂಲಿಯವ" ಅಂತ ಬಂದಿರುತ್ತೆ. ಹೊರಗಿನ ಪ್ರಪಂಚಕ್ಕೆ ನಮ್ಮಲ್ಲಿ ಜಾತಿನೇ ಇಲ್ಲ, ಬಡತನ ಮಾತ್ರ ಇದೆ ಅಂತ ತಿಳಿಯುತ್ತೆ.

ಇನ್ನು ಆ ಮ್ಯೂಟ್ ಬಟನ್ ಯಾರ ಕೈಯಲ್ಲಿರುತ್ತೆ ಅನ್ನೋದು ಮರೀಬೇಡಿ. 2025ರಲ್ಲಿ 'ಫುಲೆ' ಸಿನಿಮಾಗೆ ಏನಾಯ್ತು? ಜ್ಯೋತಿಬಾ ಜಯಂತಿಯ ದಿನ, ಏಪ್ರಿಲ್ 11ಕ್ಕೆ ಬರಬೇಕಿತ್ತು. ಬ್ರಾಹ್ಮಣ ಸಂಘಟನೆಗಳು ಆಕ್ಷೇಪ ಎತ್ತಿದವು. ಸೆನ್ಸಾರ್ ಮಂಡಳಿ ಮಹಾರ್, ಮಾಂಗ್, ಪೇಶ್ವಾಯಿ ಅನ್ನೋ ಪದಗಳನ್ನ ತೆಗೀರಿ ಅಂತು. ಸಿನಿಮಾ ಏಪ್ರಿಲ್ 25ಕ್ಕೆ ಹೋಯ್ತು. ಫುಲೆ ದಂಪತಿ ಯಾರಿಗಾಗಿ ಬಾಳಿದರೋ ಆ ಜನರ ಹೆಸರೇ ಹೇಳಬಾರದಂತೆ! ನಾಳೆ ನಮ್ಮ ಮನವಿ ತೋರಿಸಿಯೇ "ದಲಿತ ಸಂಘಟನೆಗಳೇ ಜಾತಿ ಹೆಸರು ಬೇಡ ಅಂದಿವೆ" ಅಂತಾರೆ. ಕತ್ತರಿಯನ್ನ ನಾವೇ ಸಾಣೆ ಹಿಡಿದು ಕೊಟ್ಟ ಹಾಗಾಗುತ್ತೆ.

ಹಾಗಂತ ಇವತ್ತು ಯಾರು ಬೇಕಾದ್ರೂ ಜಾತಿ ಹೆಸರಲ್ಲಿ ಬೈಯಬಹುದು ಅಂತಲ್ಲ. ನಾಲ್ಕು ಜನರೆದುರು ಬೈದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಕೇಸು ಹಾಕೋಣ. ಹೊಸ ಸಿನಿಮಾದಲ್ಲಿ ನಗಿಸೋಕೆ ನಮ್ಮನ್ನ ಬಳಸಿದ್ರೆ ಥಿಯೇಟರ್ ಮುಂದೆ ಕೂರೋಣ. ನಾನು ಹೇಳ್ತಿರೋದು ಆಗಲೇ ಮಾಡಿಟ್ಟ ಸಿನಿಮಾಗಳ ಬಗ್ಗೆ. ಅವು ಆ ಕಾಲ ತನ್ನ ಕೈಯಾರೆ ಬರೆದುಕೊಟ್ಟ ತಪ್ಪೊಪ್ಪಿಗೆ.

ಹಾಗಾದ್ರೆ ಅವ್ವ ಕೈ ಹಿಡಿದು ಎಳಕೊಂಡು ಬಂದಳಲ್ಲ, ಆ ನೋವಿಗೇನು ಮಾಡೋದು? 2020ರಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾದ ಮೇಲೆ 'ಗಾನ್ ವಿತ್ ದ ವಿಂಡ್' ಚಿತ್ರವನ್ನ ಎಚ್‌ಬಿಓ ಮ್ಯಾಕ್ಸ್ ತೆಗೆದುಹಾಕ್ತು. ಗುಲಾಮಗಿರಿಯನ್ನ ಚೆಂದ ಮಾಡಿ ತೋರಿಸುವ ಸಿನಿಮಾ ಅದು. ಎರಡು ವಾರದಲ್ಲಿ ವಾಪಸ್ ಬಂತು, ಒಂದು ದೃಶ್ಯವನ್ನೂ ಕತ್ತರಿಸದೆ. ಆದ್ರೆ ಮೊದಲಲ್ಲಿ ಜಾಕ್ವೆಲಿನ್ ಸ್ಟೂವರ್ಟ್ ಎಂಬ ಕಪ್ಪು ವಿದ್ವಾಂಸೆಯ ಮಾತು ಸೇರಿಸಿದ್ರು. ಅದರಲ್ಲಿ ದಾಸಿಯ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡ್ಯಾನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. 1940ರ ಆ ಸಮಾರಂಭದಲ್ಲಿ ಆಕೆಯನ್ನ ಉಳಿದ ನಟರ ಜೊತೆ ಕೂರಿಸದೆ ಬೇರೆ ಮೇಜಿಗೆ ಕಳಿಸಿದ್ರು. ಸಿನಿಮಾ ಅಳಿಸಿದ್ರೆ ಆ ಮೇಜಿನ ಕಥೆಯೂ ಅಳಿಯುತ್ತೆ.

ನಮಗೂ ಅದೇ ಬೇಕು. ತಮ್ಮಾ, ಮನವಿ ಹರಿಯಬೇಡ, ತಿದ್ದಿ ಬರಿ.

ಒಂದು, ಸಿನಿಮಾ ಬಿಡುಗಡೆಯಾದಾಗ ಹೇಗಿತ್ತೋ ಹಾಗೇ ಬರಲಿ. ಚೌಕಟ್ಟು, ಬಣ್ಣ, ಮಾತು ಯಾವುದೂ ಬದಲಾಗದಿರಲಿ.

ಎರಡು, ಏನಾದ್ರೂ ಬದಲಾಯಿಸಿದ್ರೆ ಪರದೆ ಮೇಲೆ ಕಾಣುವ ಹಾಗೆ ಹೇಳಲಿ, ಮೂಲವೂ ಪಕ್ಕದಲ್ಲೇ ಸಿಗಲಿ.

ಮೂರು, ಸಬ್‌ಟೈಟಲಿನಲ್ಲಿ ಜಾತಿಯನ್ನ ಜಾತಿ ಅಂತಲೇ ಬರೀಲಿ.

ನಾಲ್ಕು, ಸಿನಿಮಾ ಶುರುವಾಗೋ ಮೊದಲು ನಮ್ಮವರೊಬ್ಬರು ಐದು ನಿಮಿಷ ಮಾತಾಡಲಿ. ನಮ್ಮಲ್ಲಿ ಬರಹಗಾರರಿದ್ದಾರೆ, ಸಂಶೋಧಕರಿದ್ದಾರೆ. ಅವರಿಗೆ ಸಂಭಾವನೆ ಕೊಟ್ಟು ಕರೀಲಿ.

ಇದಕ್ಕೆ ಮೊದಲ ಸಹಿ ನಂದು. ಆ ಅಂಗಳದಲ್ಲಿ ನಿಂತಿದ್ದ ಅವ್ವನಿಗೆ ಬೇಕಾಗಿದ್ದದ್ದು ಟಿವಿಯ ಆ ಮಾತು ನಿಲ್ಲೋದಲ್ಲ, ಒಳಗೆ ಕೂತವರ ನಗು ನಿಲ್ಲೋದು. ಮ್ಯೂಟ್ ಮಾಡಿದ್ರೆ ನಗು ನಿಲ್ಲಲ್ಲ. ಯಾಕೆ ನಗಬಾರದು ಅಂತ ಯಾರಾದ್ರೂ ಎದ್ದು ನಿಂತು ಹೇಳಬೇಕು.

ಒಪ್ಪದೇ ಇರೋರು ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ. ಜೈ ಭೀಮ್.