ಮರದ ಹೆಬ್ಬಾತು ಮತ್ತು ನಮ್ಮ ತಾಳಿ



ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆ 2019ರಲ್ಲಿ ಶುರುವಾದ ಮೇಲೆ ಹಿಂದೂಪುರದ ನಮಗೆ ಕೊರಿಯಾ ಅಷ್ಟು ದೂರದ ದೇಶ ಅನಿಸುವುದಿಲ್ಲ. ಹೆದ್ದಾರಿ ಬದಿಯಲ್ಲಿ ಕೊರಿಯನ್ ಬೋರ್ಡು, ಮನೆಯಲ್ಲಿ ತಂಗಿಯರ ಮೊಬೈಲಿನಲ್ಲಿ ಕೊರಿಯನ್ ಸೀರಿಯಲ್. ಆ ಸೀರಿಯಲ್‌ನಲ್ಲಿ ಹಳೇ ಪದ್ಧತಿಯ ಮದುವೆ ಬಂದರೆ ಸ್ವಲ್ಪ ಗಮನಿಸಿ ನೋಡಿ.

ವರ ಮರದ ಹೆಬ್ಬಾತನ್ನು ಬಟ್ಟೆಯಲ್ಲಿ ಸುತ್ತಿ ತಂದು ವಧುವಿನ ತಾಯಿಗೆ ಒಪ್ಪಿಸುತ್ತಾನೆ. ಹೆಬ್ಬಾತು ಒಮ್ಮೆ ಜೋಡಿಯಾದರೆ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ ಎಂದು ಅದರ ಅರ್ಥ. ಹಿಂದೆ ಜೀವಂತ ಹಕ್ಕಿಯನ್ನೇ ತರುತ್ತಿದ್ದರು. ಆಮೇಲೆ ಮರದ್ದೇ ಸಾಕು ಎಂದಾಯಿತು. ಒಂದೇ ಸೋರೆಬುರುಡೆಯನ್ನು ಎರಡು ಹೋಳು ಮಾಡಿ, ಅದರಲ್ಲಿ ಇಬ್ಬರೂ ಕುಡಿಯುತ್ತಾರೆ. ಹಿರಿಯರು ಎಲಚಿ ಹಣ್ಣು, ಚೆಸ್ಟ್‌ನಟ್ ಎಸೆಯುತ್ತಾರೆ, ವಧು ಬಟ್ಟೆಯೊಡ್ಡಿ ಹಿಡಿಯುತ್ತಾಳೆ. ಮಕ್ಕಳಾಗಲಿ ಎಂಬ ಹಾರೈಕೆ. ನಮ್ಮ ಕಡೆ ಭೋಗಿ ದಿನ ಮಕ್ಕಳ ತಲೆ ಮೇಲೆ ಸುರಿಯುವ ರೇಗಿ ಹಣ್ಣಿನ ಜಾತಿಯೇ ಅದು. (ಬಣ್ಣದ ಬಾತುಕೋಳಿ ಜೋಡಿಯನ್ನೂ ಇಡುತ್ತಾರೆ. ಅದು ಮ್ಯಾಂಡರಿನ್ ಬಾತು, ಜೋಡಿ ಬದಲಿಸುವ ಹಕ್ಕಿ! ಬಿಎಸ್ಸಿ ಓದಿದ್ದಕ್ಕೆ ಇಷ್ಟಾದರೂ ಹೇಳಬೇಡವೇ?)

ಮರ, ಸೋರೆಬುರುಡೆ, ಹಣ್ಣು. ಬಡವನ ಕೈಗೂ ಎಟುಕುವ ವಸ್ತುಗಳು. ನಮ್ಮಲ್ಲೂ ಜೀರಿಗೆ ಬೆಲ್ಲ, ಬಾಸಿಂಗ, ಅಕ್ಷತೆ, ಅರಿಶಿನದ ದಾರ ಇವೆ, ಇವೂ ದುಬಾರಿಯಲ್ಲ.

ಚರ್ಚಿನಲ್ಲಿ ತಾಳಿ ಯಾಕೆ ಎಂದು ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಮದುವೆಯಲ್ಲಿ ಆಯಾ ನಾಡಿನ ಒಳ್ಳೆಯ ಪದ್ಧತಿಗಳನ್ನು ಉಳಿಸಿಕೊಳ್ಳಿ ಎಂದಿದೆ. ಶಿಲುಬೆ ಗುರುತಿನ ತಾಳಿ ಇರಲಿ. ಆದರೆ ಮದುವೆಯನ್ನು ಮದುವೆ ಮಾಡುವುದು ಗಂಡು ಹೆಣ್ಣಿನ ಸಮ್ಮತಿ ಎಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಎಷ್ಟು ತೊಲ ಎಂದು ಅದು ಕೇಳುವುದಿಲ್ಲ. ಕೇಳುವವರು ನಾವು.

ಕಲ್ಯಾಣದುರ್ಗದ ಕಡೆ ಮಳೆ ನಂಬಿ ಕಡಲೆಕಾಯಿ ಬಿತ್ತುವ ಮನೆಗಳಿವೆ. ಊರ ಹೆಸರಲ್ಲೇ ಕಲ್ಯಾಣ ಇದೆ, ಆದರೆ ಮಗಳ ಕಲ್ಯಾಣ ಎಂದರೆ ಅಪ್ಪನಿಗೆ ನಿದ್ದೆ ಬರುವುದಿಲ್ಲ. ಬೆಳೆ ಹೋದ ವರ್ಷವೂ ಬಡ್ಡಿ ನಿಲ್ಲುವುದಿಲ್ಲವಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂತು. ಹಾಗಾಗಿ ಈಗ ವರದಕ್ಷಿಣೆ ಎನ್ನುವುದಿಲ್ಲ, "ನಾವೇನೂ ಕೇಳಲಿಲ್ಲ, ಅವರೇ ಪ್ರೀತಿಯಿಂದ ಹಾಕಿದರು" ಎನ್ನುತ್ತೇವೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹೊಸ ಸೊಸೆಯ ಕೊರಳನ್ನು ಯಾರು ಯಾರು ಹೇಗೆ ನೋಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು.

ಕೊರಿಯಾವೇನು ಸ್ವರ್ಗವಲ್ಲ. ಅಲ್ಲೂ 'ಯೇದಾನ್' ಹೆಸರಿನಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆಯವರಿಗೆ ಉಡುಗೊರೆ ಕೊಡಬೇಕು, ಅದೂ ಹೊರೆಯಾಗಿದೆ. ಗುರುತು ಬೇರೆ, ಬೇಡಿಕೆ ಬೇರೆ. ಗುರುತಿನ ನೆರಳಲ್ಲಿ ಬೇಡಿಕೆ ನುಸುಳುತ್ತದೆ, ಅಲ್ಲೂ ಇಲ್ಲೂ.

ಇದನ್ನು ತಡೆಯಬೇಕಾದವರು ಹುಡುಗಿಯ ಅಪ್ಪನಲ್ಲ, ಅವರು ಬಾಯಿಬಿಟ್ಟರೆ ಸಂಬಂಧ ಮುರಿಯುತ್ತದೆ. ಹುಡುಗ ಹೇಳಬೇಕು. ಮಾತುಕತೆಗೆ ಕೂತ ದಿನವೇ, ಅಮ್ಮನ ಎದುರಿಗೇ, "ಒಂದು ತಾಳಿ, ಎರಡು ಉಂಗುರ, ಅಷ್ಟೇ" ಎನ್ನಬೇಕು. ತಾಳಿಯ ದುಡ್ಡು ಹುಡುಗನದ್ದೇ ಆಗಿರಲಿ. ಮುಂದಿನ ಯುವಜನ ಸಭೆಯಲ್ಲಿ ಈ ಮಾತನ್ನೇ ಇಡುತ್ತೇನೆ. ಈ ವರ್ಷ ಮದುವೆ ಗೊತ್ತಾಗಿರುವ ಅಣ್ಣಂದಿರು ದಯವಿಟ್ಟು ತಪ್ಪಿಸಿಕೊಳ್ಳಬೇಡಿ.