ಹಳೆಯ ಪುಸ್ತಕಕ್ಕೆ ಕತ್ತರಿ ಹಾಕಬಹುದೆ?

ನಮ್ಮ ಶಾಲೆಯನ್ನು ಬಿಟ್ಟು ಹೋಗಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಸಂಸಾರವಂದಿಗರಾಗಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಚೆಗೆ ಒಂದು ಕೈಗೆಲಸವನ್ನು ಹಿಡಿದಿರುವರು. ಬಣ್ಣದ ಕಾಗದ, ಸೀರೆಯ ಅಂಚಿನ ತುಂಡು, ಒಣಗಿದ ಎಲೆ, ಬಸ್ಸಿನ ಚೀಟಿ, ಹಳೆಯ ಭಾವಚಿತ್ರ, ದಾರ, ಗುಂಡಿ ಇವುಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಅಂಟಿಸಿಯೂ ಹೊಲಿದೂ ಚಿತ್ರಮಾಡುವುದು ಒಂದು ಬಗೆ. ಓದಿ ಮುಗಿದ ಅಚ್ಚಿನ ಪುಸ್ತಕವನ್ನೇ ತೆಗೆದುಕೊಂಡು, ಅದರ ಪುಟಗಳಿಗೆ ಬಣ್ಣ ಬಳಿದು, ಕೆಲವನ್ನು ಕತ್ತರಿಸಿ, ಕೆಲವನ್ನು ಮಡಚಿ, ಅದನ್ನು ಬೇರೊಂದು ಪುಸ್ತಕವನ್ನಾಗಿ ಮಾರ್ಪಡಿಸುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಎರಡನೆಯದನ್ನು ಕಂಡು ಮಾತ್ರ ತಾಯಿತಂದೆಗಳು ನಮ್ಮನ್ನು ಕೇಳುವುದುಂಟು: “ಪುಸ್ತಕ ಹರಿಯುವುದನ್ನು ಶಾಲೆಯಲ್ಲಿ ಕಲಿಸಿದಿರಾ?”

ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವವರಲ್ಲ. ಕಾಲು ತಗಲಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ನಾಡಿದು. ಶೇಂಗಾ ಬಿಡಿಸಿದ ಕೂಲಿಯಿಂದ ಮಗಳಿಗೆ ಪುಸ್ತಕ ತಂದುಕೊಟ್ಟ ತಾಯಿ, ಅದೇ ಪುಸ್ತಕಕ್ಕೆ ಕತ್ತರಿ ಬಿದ್ದುದನ್ನು ನೋಡಿ ಸುಮ್ಮನಿರಬೇಕೆಂದು ಹೇಳುವುದು ನ್ಯಾಯವಲ್ಲ. ಆದರೂ ಈ ಕೆಲಸ ಒಳ್ಳೆಯದೆಂದೂ, ಅದಕ್ಕೆ ಒಂದು ಎಲ್ಲೆ ಬೇಕೆಂದೂ, ಆ ಎಲ್ಲೆಯು ಜನರು ತಿಳಿದಿರುವ ಸ್ಥಳದಲ್ಲಿ ಇಲ್ಲವೆಂದೂ ನಮ್ಮ ಅಭಿಪ್ರಾಯ.

ಇದು ಪರದೇಶದ ಹುಚ್ಚೆನ್ನುವವರಿಗೆ ಮೊದಲು ಉತ್ತರ ಹೇಳುವೆವು. ಕನ್ನಡ ನಾಡಿನ ವರ್ತಕರೂ ಶಾನುಭೋಗರೂ ಹಿಂದೆ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಉದ್ದನೆಯ ಅರಿವೆಯ ಪಟ್ಟಿಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡು ಕಡೆಗೂ ಬಳಿದು, ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗಳಿಗೂ ಮರದ ಹಲಗೆಗಳನ್ನು ಜೋಡಿಸುತ್ತಿದ್ದರು. ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆದ ಬಿಳಿಯ ಅಕ್ಷರ ಕಾಪಾಡಿದರೆ ಬಹುಕಾಲ ನಿಲ್ಲುವುದು. ಬೇಡವೆಂದರೆ ಒರಸಿ ಮತ್ತೆ ಬರೆಯಬಹುದು. ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿ 1810ರಲ್ಲಿ ಅಚ್ಚಾದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಈ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ. ಅರಿವೆ, ಅಂಟು, ಇದ್ದಿಲು, ಕಲ್ಲು, ಮರ: ಬೆರಕೆ ಸಾಮಗ್ರಿಯ ಪುಸ್ತಕಕ್ಕೆ ಇನ್ನೇನು ಬೇಕು? ಅಳಿಸಿ ಬರೆಯುವುದಂತೂ ಅದರ ಹುಟ್ಟುಗುಣವೇ ಆಗಿತ್ತು.

ತುಂಗಭದ್ರೆಯ ಆಚೆ ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಇಂದಿಗೂ ಹುಣಸೆಬೀಜದ ಅಂಟಿನಲ್ಲಿ ನಾರಿನ ಪುಡಿ ಮುಂತಾದವನ್ನು ಕಲಸಿ ಮರದ ಬೊಂಬೆಗಳಿಗೆ ಮೆತ್ತುವರು. ನಮ್ಮ ತಾಂಡಾಗಳ ಲಂಬಾಣಿ ಹೆಂಗಸರು ತುಂಡು ಬಟ್ಟೆ, ಕನ್ನಡಿ, ಕವಡೆಗಳನ್ನು ಕೂಡಿಸಿ ಹೊಲಿಯುವ ಬೆಡಗನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಬಂದಿದೆ. ಇನ್ನು ರದ್ದಿ ಕಾಗದವನ್ನು ನೆನೆಯಿಸಿ, ಮೆಂತ್ಯದೊಡನೆ ಒರಳಲ್ಲಿ ರುಬ್ಬಿ, ಬೋರಲಿಟ್ಟ ಕೊಡದ ಮೇಲೆ ಮೆತ್ತಿ ಬುಟ್ಟಿ ಮಾಡಿದ ಅಜ್ಜಿಯರನ್ನು ನೆನೆದರೆ, ಅಚ್ಚಾದ ಕಾಗದವನ್ನು ಮಾರ್ಪಡಿಸುವುದು ನಮ್ಮ ಮನೆಗಳಿಗೆ ಹೊಸದೆಂದು ಹೇಳಲು ನಾಲಗೆ ಏಳದು.

ಹೊರಗಿನವರ ಉದಾಹರಣೆಗಳಲ್ಲಿ ಎರಡು ಸಾಕು. ಇಂಗ್ಲೆಂಡಿನ ಮೇರಿ ಡಿಲೇನಿ ಎಂಬ ವಿಧವೆ ತನ್ನ 72ನೆಯ ವಯಸ್ಸಿನಲ್ಲಿ ಬಣ್ಣದ ಕಾಗದವನ್ನು ಕತ್ತರಿಸಿ ಹೂಗಳ ಪ್ರತಿರೂಪ ಮಾಡತೊಡಗಿ, ಕಣ್ಣು ಮಂಜಾಗುವವರೆಗಿನ ಹತ್ತು ವರುಷಗಳಲ್ಲಿ ಸಾವಿರಕ್ಕೆ ಕೊಂಚ ಕಡಿಮೆ ಹೂಗಳನ್ನು ಮುಗಿಸಿದಳು. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ವಯಸ್ಸಾಯಿತೆಂದು ನೆಪ ಹೇಳುವ ನಮ್ಮ ಹಿರಿಯ ಸೋದರಿಯರು ಈ ಲೆಕ್ಕವನ್ನು ಗಮನಿಸಲಿ. ಟಾಮ್ ಫಿಲಿಪ್ಸ್ ಎಂಬ ಚಿತ್ರಕಾರನು 1966ರಲ್ಲಿ ಮೂರು ಪೆನ್ನಿ ಕೊಟ್ಟು 1892ರ ಒಂದು ಮರೆತುಹೋದ ಕಾದಂಬರಿಯನ್ನು ಕೊಂಡು, ಅದರ ಪ್ರತಿಯೊಂದು ಪುಟದಲ್ಲಿಯೂ ಕೆಲವೇ ಮಾತುಗಳನ್ನು ಉಳಿಸಿ, ಮಿಕ್ಕುದನ್ನು ಚಿತ್ರದಿಂದ ಮುಚ್ಚಿ, ಹೊಸ ಕಥೆಯೊಂದನ್ನು ಹೊರಡಿಸಿದನು. ಈ ಒಂದೇ ಪುಸ್ತಕದ ಕೊನೆಯ ರೂಪ 2016ರಲ್ಲಿ ಹೊರಬಂದಿತು, ಐವತ್ತು ವರುಷ!

ಕಾಗದದ ಕೆಲಸ ಪಾಠಕ್ಕೆ ವೈರಿಯೆಂಬ ಮಾತೂ ನಿಲ್ಲದು. ಕ್ರಿಸ್ತಜಯಂತಿಯಲ್ಲಿ ತೂಗುಹಾಕುವ, ಹಲವು ಮೊನೆಗಳುಳ್ಳ ಮೊರೇವಿಯನ್ ನಕ್ಷತ್ರವು 1830ರ ದಶಕದಲ್ಲಿ ಜರ್ಮನಿಯ ಒಂದು ಮೊರೇವಿಯನ್ ಶಾಲೆಯಲ್ಲಿ ರೇಖಾಗಣಿತದ ಅಭ್ಯಾಸವಾಗಿ ಹುಟ್ಟಿತು. ಬಳ್ಳಾರಿ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1893ರಲ್ಲಿ, ಟಿ. ಸುಂದರರಾಯರು ಬರಿಯ ಕಾಗದದ ಮಡಿಕೆಗಳಿಂದಲೇ ರೇಖಾಗಣಿತವನ್ನು ಸಾಧಿಸಿ ತೋರಿಸುವ ಗ್ರಂಥವನ್ನು ಮದರಾಸಿನಲ್ಲಿ ಪ್ರಕಟಿಸಿದರು. ಯುರೋಪಿನ ಗಣಿತಜ್ಞರೂ ಅದನ್ನು ಮೆಚ್ಚಿದರು.

ಆದರೆ ನಾವು ಈ ಕೆಲಸದ ಪಕ್ಷ ವಹಿಸುವುದು ಗಣಿತಕ್ಕಾಗಿ ಅಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಾಡಿದ ಪುಸ್ತಕವನ್ನು ನಾವು ಕಂಡೆವು. ಆಕೆಯ ತವರು ಹರಪನಹಳ್ಳಿ, ಗಂಡನ ಮನೆ ಕೂಡ್ಲಿಗಿಯ ಕಡೆ. ಹತ್ತನೆಯ ತರಗತಿಯೊಡನೆ ಓದು ನಿಂತಿತು. ಆಕೆ ಎತ್ತಿಕೊಂಡದ್ದು ತನ್ನದೇ ಹಳೆಯ ಸಮಾಜವಿಜ್ಞಾನದ ಪುಸ್ತಕ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಸೇರಿಸಿದರು, 2018ರಲ್ಲಿ ಬಳ್ಳಾರಿಗೆ ಮರಳಿಸಿದರು, 2021ರಲ್ಲಿ ವಿಜಯನಗರ ಜಿಲ್ಲೆಯಲ್ಲಿಟ್ಟರು. ಹೀಗಿರಲು ಆ ಪುಸ್ತಕದ ನಕ್ಷೆ ಯಾವ ಪರೀಕ್ಷೆಗೂ ಒದಗದು. ಆ ನಕ್ಷೆಯ ಮೇಲೆ ಹರಪನಹಳ್ಳಿಯಿಂದ ಕೊಟ್ಟೂರಿನ ಮಾರ್ಗವಾಗಿ ಕೂಡ್ಲಿಗಿಯವರೆಗೆ ಕೆಂಪು ದಾರದಲ್ಲಿ ಹೊಲಿದಿದ್ದಾಳೆ. ಬದಿಯಲ್ಲಿ ಬಸ್ಸಿನ ಚೀಟಿಗಳು, ವರುಷಕ್ಕೆ ಎರಡೇ. ಮಳೆಗಾಲದ ಪಾಠದಲ್ಲಿ ಪುಟವನ್ನೆಲ್ಲ ನೀಲಿಯಿಂದ ಮುಚ್ಚಿ ಎರಡು ಮಾತುಗಳನ್ನು ಮಾತ್ರ ಉಳಿಸಿದ್ದಾಳೆ: “ಹಿಂದಿರುಗುವ ಕಾಲ”. ಪಾಠದಲ್ಲಿ ಅವು ಮಾರುತಗಳ ಮಾತುಗಳು. ಆ ಪುಟವನ್ನು ನೋಡಿದ ಬಳಿಕ ಪುಸ್ತಕ ಹಾಳಾಯಿತೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಓದು ನಿಂತ ಹುಡುಗಿಯು ಪಠ್ಯಪುಸ್ತಕಕ್ಕೆ ಕೊಟ್ಟ ಉತ್ತರವದು. ಅಂಕ ಹಾಕುವವರು ಮಾತ್ರ ಇಲ್ಲ.

ಹಾಗಾದರೆ ಎಲ್ಲೆ ಯಾವುದು? ಅಚ್ಚಿನ ಪುಸ್ತಕವು ಪವಿತ್ರ, ಕೈಬರಹದ ಹಳೆಯ ದಫ್ತರವು ರದ್ದಿ ಎಂದು ಮನೆಗಳಲ್ಲಿ ಎಣಿಸುವರು. ನಾವು ಇದನ್ನು ತಲೆಕೆಳಗಾಗಿ ಹಿಡಿಯಬೇಕೆನ್ನುತ್ತೇವೆ. ಸಾವಿರಗಟ್ಟಲೆ ಅಚ್ಚಾದ ಹಳೆಯ ಗೈಡು, ಕಾಲ ಮೀರಿದ ಪಠ್ಯ, ಬಳಸದ ಡೈರಿ, ಕೈಯಲ್ಲಿ ಹಿಡಿದರೆ ಹಲಗೆಯಂತಿರುವ ಈಗಿನ ಲಗ್ನಪತ್ರಿಕೆಗಳು, ಇವುಗಳಿಗೆ ಕತ್ತರಿ ಬಿದ್ದರೆ ಲೋಕಕ್ಕೆ ನಷ್ಟವಿಲ್ಲ. ಜಗತ್ತಿನಲ್ಲಿ ಒಂದೇ ಇರುವುದಕ್ಕೆ ಕತ್ತರಿ ಕೂಡದು: ಅಜ್ಜಿಯ ಹಾಡಿನ ವಹಿ, ಅಡುಗೆಯ ಬರಹ, ಕಾಗದಪತ್ರ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಂಥ ಹಳೆಯ ಅಚ್ಚುಕೂಟಗಳ ಕನ್ನಡ ಪುಸ್ತಕವೇನಾದರೂ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದನ್ನೂ ಈ ಪಂಗಡಕ್ಕೇ ಸೇರಿಸಿರಿ. ಸತ್ಯವೇದ, ಕೀರ್ತನೆಯ ಪುಸ್ತಕ, ನೆರೆಯವರ ದೇವರ ಪಟ ಇವುಗಳ ವಿಷಯದಲ್ಲಿ ವಾದವೇ ಬೇಡ.

ಈ ಎಲ್ಲೆಯನ್ನು ನಾವು ಯಾವ ಗ್ರಂಥದಿಂದಲೂ ಕಲಿತವರಲ್ಲ. ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಅಂಗಡಿಯ ಲೆಕ್ಕದ ಪುಸ್ತಕವೊಂದಿತ್ತು. ಕೆಂಪು ಅರಿವೆಯ ರಟ್ಟು, ದಪ್ಪ ಕಾಗದ. ಮಾರ್ಪಡಿಸಲು ಹೇಳಿ ಮಾಡಿಸಿದಂತಿತ್ತು. ಶೇಂಗಾದ ಚೀಲಗಳ ಲೆಕ್ಕ ಯಾರಿಗೆ ಬೇಕೆಂದು ನಾಲ್ಕು ಪುಟ ತಿರುವಿ, ಮಿಕ್ಕುದನ್ನು ನೋಡದೆ, ಹಿಂಬದಿಯಿಂದ ಹಾಳೆಹಾಳೆಗಳನ್ನು ಕೂಡಿಸಿ ಅಂಟಿಸಿ, ಮೇಲೆ ಬಣ್ಣ ಬಳಿದೆವು. ಕೆಲವು ತಿಂಗಳ ಮೇಲೆ ನಮ್ಮ ಸೋದರತ್ತೆ ಬಂದವರು, “ಅವ್ವ ಮಕ್ಕಳ ಹೆಸರು ಬರೆದಿಟ್ಟ ಪುಸ್ತಕ ಎಲ್ಲೈತವ್ವ?” ಎಂದು ಕೇಳಿದರು. ಅಜ್ಜಿ ನಡುವಯಸ್ಸಿನಲ್ಲಿ ಅಕ್ಷರ ಕಲಿತವಳು. ಆ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ, ಸೀಸದ ಕಡ್ಡಿಯಿಂದ, ತಾನು ಹೆತ್ತ ಮಕ್ಕಳ ಹೆಸರು, ವಾರ, ತಾರೀಖು ಬರೆದು, ಉಳಿಯದವರ ಮುಂದೆ ಸಣ್ಣ ಶಿಲುಬೆಯ ಗುರುತು ಹಾಕಿದ್ದಳಂತೆ. ಅತ್ತೆ ಕೋಪಮಾಡಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನಾವು ಬಳಿದ ಹಸುರು ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಕುಳಿತರು.

ಆದುದರಿಂದ ಈ ಕೆಲಸಕ್ಕೆ ಕೈಯಿಡುವ ಸೋದರಿಯರು ಮೊದಲ ಪುಟದಿಂದ ಕಡೆಯ ಪುಟದವರೆಗೆ, ರಟ್ಟಿನ ಒಳಮೈಯನ್ನೂ ಬಿಡದೆ, ತಿರುವಿ ನೋಡತಕ್ಕದ್ದು; ಮನೆಯ ಹಿರಿಯರನ್ನು ಕೇಳತಕ್ಕದ್ದು; ಸಂದೇಹವಿದ್ದರೆ ಕೈಫೋನಿನಲ್ಲಿ ಚಿತ್ರ ತೆಗೆದು, ಆ ಚಿತ್ರದ ಪ್ರತಿಗೆ ಮಾತ್ರ ಕತ್ತರಿ ಹಾಕತಕ್ಕದ್ದು.

ಕೆಲಸದ ವಿಷಯವಾಗಿ ಕೆಲವು ಮಾತು. ಪುಟಗಳ ಮೇಲೆ ಸಾಮಗ್ರಿ ಅಂಟಿಸುತ್ತ ಹೋದರೆ ಪುಸ್ತಕ ಉಬ್ಬಿ ಬೆನ್ನು ಬಿರಿಯುವುದು. ಆದಕಾರಣ ಎರಡು ಹಾಳೆಗೊಂದರಂತೆ ಮೊದಲೇ ಬಿಡಿಸಿ ತೆಗೆಯಬೇಕು. ವೃತ್ತಪತ್ರಿಕೆಯ ಕಾಗದ ಬೇಗ ಹಳದಿಯಾಗಿ ಪುಡಿಯಾಗುವುದು. ಬಹುಕಾಲ ಉಳಿಯಬೇಕಾದ ಕೆಲಸಕ್ಕೆ ಅದು ಬೇಡ. ಹಡಗಲಿಯ ಮಲ್ಲಿಗೆಯನ್ನು ಎಷ್ಟು ಜೋಕೆಯಾಗಿ ಒತ್ತಿಟ್ಟರೂ ಬಿಳುಪು ಹೋಗಿ ಕಂದಾಗುವುದು. ಅರಳಿಯ ಎಲೆಯನ್ನು ನೀರಿನಲ್ಲಿ ಕೊಳೆಯಿಸಿ, ಹಸುರನ್ನು ಮೆತ್ತಗೆ ತೊಳೆದು ತೆಗೆದರೆ ದೊರೆಯುವ ನರಗಳ ಬಲೆ ಅದಕ್ಕಿಂತ ಮೇಲು. ಪೇಟೆಯಲ್ಲಿ ಹೂವು, ಚಿಟ್ಟೆ, ಆಂಗ್ಲ ಸೂಕ್ತಿಗಳನ್ನು ಸಿದ್ಧಮಾಡಿ ಮಾರುವ ಪೊಟ್ಟಣಗಳನ್ನು ನಾವು ಮೆಚ್ಚುವುದಿಲ್ಲ. ಅವನ್ನು ಅಂಟಿಸಿದ ಹತ್ತು ಪುಸ್ತಕಗಳನ್ನು ಸಾಲಾಗಿಟ್ಟರೆ ಯಾರದು ಯಾವುದೆಂದು ಮಾಡಿದವರೇ ಗುರುತಿಸಲಾರರು.

ಅಂಟು ಹುಣಸೆಬೀಜದ್ದಾಗಲಿ ಮೈದಾದ್ದಾಗಲಿ ಇರಲಿ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ಅರೆದು, ಸಣ್ಣ ಉರಿಯಲ್ಲಿ ಕುದಿಸಿದರೆ ಆಯಿತು. ರಟ್ಟು ಕಟ್ಟುವವರು ಹುಳು ಹತ್ತದಿರಲೆಂದು ಅಂಟಿಗೆ ಮೈಲುತುತ್ತ ಬೆರಸುವರು. ಅದು ವಿಷವಾದ ಕಾರಣ ಮಕ್ಕಳಿರುವ ಮನೆಯಲ್ಲಿ ಬೇಡ, ಬೇಕಾದಷ್ಟನ್ನೇ ಆ ದಿನ ಮಾಡಿಕೊಂಡರೆ ಸಾಕು. ಫೆವಿಕಾಲಿನಂಥ ಅಂಟು ಬಿಗಿಯಾದುದು ನಿಜ, ಆದರೆ ಒಣಗಿದ ಮೇಲೆ ಅದನ್ನು ಬಿಡಿಸುವುದು ಬಲು ಕಷ್ಟ. ಹಿಟ್ಟಿನ ಅಂಟು ನೀರಿಗೆ ಸಡಿಲುವುದು.

ನಮ್ಮ ಲೆಕ್ಕದ ಪುಸ್ತಕಕ್ಕೆ ಅದೃಷ್ಟವಶಾತ್ ಮೈದಾ ಬಳಸಿದ್ದೆವು. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ಹಾಳೆಗಳನ್ನು ಒಂದು ರಾತ್ರಿ ನೆನೆಯಿಸಿ, ಬೆಳಗ್ಗೆ ಅತ್ತೆಯೂ ನಾವೂ ಒಂದೊಂದು ತುದಿ ಹಿಡಿದು ಬಿಡಿಸಿದೆವು. ಸೀಸದ ಕಡ್ಡಿಯ ಬರಹ ನೀರಿಗೆ ಕರಗುವುದಿಲ್ಲ. ಬಣ್ಣ ಬೀಳದ ಒಳಮೈಯಲ್ಲಿ ಎರಡು ಹೆಸರುಗಳು ಪೂರ್ತಿಯಾಗಿಯೂ ಮೂರನೆಯದು ಅರ್ಧವಾಗಿಯೂ ಕಂಡವು. ಆ ಅರ್ಧ ಹೆಸರಿನ ಮುಂದೆ ಶಿಲುಬೆಯಿತ್ತು. ಅದು ಯಾರದೆಂದು ಅತ್ತೆಗೂ ನೆನಪಾಗಲಿಲ್ಲ.