ತಲೆನೋವು ಅವಳದು, ಉತ್ತರ ಗಂಡನದು

ನಮ್ಮ ಕಡೆಯ ಹೆಂಗಸು ತಲೆನೋವೆಂದು ದೊಡ್ಡ ಡಾಕ್ಟರ ಬಳಿ ಹೋದರೆ ಮೊದಲ ಪ್ರಶ್ನೆ ಅವಳಿಗಲ್ಲ, ಪಕ್ಕದಲ್ಲಿ ನಿಂತ ಗಂಡನಿಗೆ. "ಎಷ್ಟು ದಿನದಿಂದ ಐತ್ರಿ ಇವರಿಗೆ?" ಗಂಡ ಉತ್ತರ ಕೊಡುತ್ತಾನೆ: "ಯಾವಾಗ್ಲೂ ತಲಿನೋವು ತಲಿನೋವು ಅಂತಿರ್ತಾಳ್ರೀ." ಅಷ್ಟರಲ್ಲಿ ಚೀಟಿ ಬರೆದಾಗಿರುತ್ತದೆ. ನೋಯುವ ತಲೆ ಯಾರದು, ಮಾತಾಡುವ ಬಾಯಿ ಯಾರದು? ಹೆಂಡತಿಯ ಕಾಯಿಲೆಗೆ ಔಷಧಿ ಕೊಡಿಸದಿರುವುದು ಕೌಟುಂಬಿಕ ದೌರ್ಜನ್ಯ. ಅವಳ ಮಾತಿಗೆ ಕಿವಿಗೊಡದ ವೈದ್ಯರು ಆ ದೌರ್ಜನ್ಯಕ್ಕೆ ಸರ್ಟಿಫಿಕೇಟು ಬರೆದುಕೊಡುವವರು. ಇದು ಕಟುವಾದ ಮಾತೆಂದು ಅನಿಸಿದರೆ ಮುಂದೆ ಓದಿ.

ನಾನು ದಾಂಡೇಲಿಯವಳು. ಹದಿನಾಲ್ಕು ವರ್ಷದಿಂದ ಅರೆತಲೆನೋವು, ಅಂದರೆ ಮೈಗ್ರೇನ್, ನನ್ನ ಜೊತೆಗಿದೆ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವಿದ್ದು, ಅದರಲ್ಲಿ ಎಂಟು ದಿನವಾದರೂ ಮೈಗ್ರೇನಿನ ಲಕ್ಷಣವಿದ್ದು, ಮೂರು ತಿಂಗಳು ಮೀರಿ ಹಾಗೇ ನಡೆದರೆ ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತದೆ ವೈದ್ಯಶಾಸ್ತ್ರ. ಒಂದು ಕಡೆಯ ಕಪಾಳ ಬಡಿದುಕೊಳ್ಳುತ್ತದೆ, ವಾಂತಿ ಬರುತ್ತದೆ, ಬೆಳಕು ಸೂಜಿಯಂತೆ ಚುಚ್ಚುತ್ತದೆ. ಆ ಹೊತ್ತಿನಲ್ಲಿಯೇ ಒಲೆ ಹಚ್ಚಬೇಕು, ಒಗ್ಗರಣೆಯ ಹೊಗೆ ಕುಡಿಯಬೇಕು, ಬಂದವರಿಗೆ ನಗುಮುಖ ತೋರಿಸಬೇಕು. ಮಲಗಿದರೆ ಅದಕ್ಕೊಂದು ಹೆಸರಿದೆ: ನೆವ.

ಇದು ನನ್ನೊಬ್ಬಳ ಪಾಡಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನ ತಜ್ಞರು ಮನೆಮನೆಗೆ ಹೋಗಿ 2,329 ಜನರನ್ನು ಕೇಳಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ 25 ಜನರಿಗೆ ಮೈಗ್ರೇನ್. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇಷ್ಟೊಂದು ಹೆಂಗಸರು ಸೇರಿ ನೆವ ಮಾಡುತ್ತಿದ್ದಾರೆಯೇ?

ಈಗ ನಮ್ಮ ಜಿಲ್ಲೆಯ ನಕ್ಷೆ ನೋಡಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಘಟ್ಟದ ಮೇಲೆ. ಜಿಲ್ಲಾ ಆಸ್ಪತ್ರೆಯೂ 2016ರಲ್ಲಿ ಶುರುವಾದ ವೈದ್ಯಕೀಯ ಕಾಲೇಜೂ ಘಟ್ಟದ ಕೆಳಗೆ ಕಾರವಾರದಲ್ಲಿ. ಆದ್ದರಿಂದ ನಮ್ಮ ಕಾಲು ತಿರುಗುವುದು ಪಕ್ಕದ ಜಿಲ್ಲೆಗಳ ಕಡೆಗೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗೆ. ಜೋಯಿಡಾದ ಒಳಹಳ್ಳಿಯ ಕುಣಬಿ ಹೆಂಗಸು ಮೊದಲು ಬಸ್ಸು ನಿಲ್ಲುವ ಜಾಗಕ್ಕೆ ಕಾಡಿನ ದಾರಿ ನಡೆದು ಬರಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಟಿಕೇಟಿನ ದುಡ್ಡಿಗೆ ಕೈಚಾಚುವುದು ತಪ್ಪಿತು, ಒಳ್ಳೆಯದೇ. ಆದರೆ ಹೊಸ್ತಿಲು ದಾಟುವ ಅಪ್ಪಣೆಯನ್ನು ಯಾವ ಕಂಡಕ್ಟರೂ ಹರಿದುಕೊಡುವುದಿಲ್ಲ.

2022ರ ಜುಲೈಯಲ್ಲಿ ಶಿರೂರು ಟೋಲ್ ಗೇಟಿನಲ್ಲಿ ಹೊನ್ನಾವರದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಉರುಳಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಜೋರಾಗಿ ಎದ್ದಿತು. ಆ ಕೂಗು ನ್ಯಾಯವಾದದ್ದು. ಆದರೆ ತಲೆನೋವಿನಿಂದ ಹೆಣ ಬೀಳುವುದಿಲ್ಲವಲ್ಲ! ಆದ್ದರಿಂದ ಯಾವ ಮನವಿಪತ್ರದಲ್ಲಿಯೂ ಅದಕ್ಕೆ ಒಂದು ಸಾಲು ಸಿಗುವುದಿಲ್ಲ. ಸಾಯದೆ, ಬದುಕಲೂ ಆಗದೆ ಇರುವ ಹೆಂಗಸರ ಲೆಕ್ಕ ಯಾರ ಪುಸ್ತಕದಲ್ಲಿದೆ?

ನಾನು ಮೂವರು ತಜ್ಞರನ್ನು ಕಂಡೆ. ಮೊದಲನೆಯವರು ತಲೆ ಎತ್ತದೆ ಸ್ಕ್ಯಾನಿಂಗಿಗೆ ಬರೆದರು. ಎರಡನೆಯವರು "ಟೆನ್ಷನ್ ಮಾಡ್ಕೋಬೇಡಿ, ಮನೆಯವರ ಜೊತೆ ಹೊಂದಿಕೊಂಡು ಹೋಗಿ" ಎಂದು ಉಪದೇಶ ಕೊಟ್ಟರು. ಮೂರನೆಯವರು ಕೊಟ್ಟ ಗುಳಿಗೆಯಿಂದ ಕೈಬೆರಳು ಜೋಮು ಹಿಡಿದು, ಮಾತಿನ ನಡುವೆ ಪದ ಮರೆಯತೊಡಗಿದಾಗ ಫೋನ್ ಮಾಡಿದೆ. ಒಂದು ವಾರ ಮಾಡಿದೆ. ಕೌಂಟರಿನವರ ಉತ್ತರ ಒಂದೇ: "ಮುಂದಿನ ತಾರೀಖಿಗೆ ಬಂದು ಕೇಳ್ರಿ." ಆ ತಾರೀಖು ಎರಡು ತಿಂಗಳ ಆಚೆ ಇತ್ತು. ಗುಳಿಗೆ ಮುಂದುವರಿಸಲೋ, ಬಿಡಲೋ? ಇದಕ್ಕೆ ಒಂದು ವಾಕ್ಯದ ಉತ್ತರ ಸಾಕಾಗಿತ್ತು. ಕೊಡುವವರಿರಲಿಲ್ಲ.

ಸ್ಕ್ಯಾನಿಂಗಿನ ಕಥೆ ಇನ್ನೂ ಘೋರ. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆಯಲ್ಲ. ಬೇರೆ ಗಂಡಾಂತರವಿಲ್ಲವೆಂದು ಖಚಿತಪಡಿಸಲು ಸ್ಕ್ಯಾನ್ ಬೇಕಾಗಬಹುದು, ಆದರೆ ಮೈಗ್ರೇನನ್ನು ಗುರುತಿಸುವುದು ರೋಗಿಯ ಮಾತಿನಿಂದ: ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಮುಟ್ಟಿನ ದಿನಗಳಿಗೂ ಅದಕ್ಕೂ ಸಂಬಂಧವಿದೆಯೇ, ಕಣ್ಣ ಮುಂದೆ ಬೆಳಕಿನ ಗೆರೆ ಮಿಂಚುತ್ತದೆಯೇ. ಅಂದರೆ ಕಿವಿಯೇ ಇಲ್ಲಿ ಯಂತ್ರ. ಆ ಯಂತ್ರ ಬಳಸದೆ ಸಾವಿರಾರು ರೂಪಾಯಿಯ ಇನ್ನೊಂದು ಯಂತ್ರಕ್ಕೆ ಕಳಿಸಿ, "ನಾರ್ಮಲ್, ಏನೂ ಇಲ್ಲ" ಎಂದು ಗಂಡನ ಕೈಗೆ ಕಾಗದ ಕೊಟ್ಟರೆ ಏನಾಗುತ್ತದೆ? ಆ ಕಾಗದ ಮನೆಗೆ ಬಂದು ಬಡಿಗೆಯಾಗುತ್ತದೆ. "ಮಷಿನ್‌ನಾಗೂ ಏನೂ ಬರಲಿಲ್ಲಂತ, ಬರೇ ನೆವಾ ಮಾಡ್ತಾಳ" ಎಂದು ಓಣಿಗೆಲ್ಲ ಸಾರಲಾಗುತ್ತದೆ. ಹಳಿಯಾಳದ ಕಡೆಯ ಒಬ್ಬ ತಾಯಿ ನನಗೆ ಹೇಳಿದಂತೆ, ಅವರ ಮಗಳನ್ನು ಗಂಡನ ಮನೆಯವರು ಆ ರಿಪೋರ್ಟಿನ ಸಮೇತ ತವರಿಗೆ ತಂದುಬಿಟ್ಟರು: "ರೋಗದ ಹೆಣ್ಣು ಕೊಟ್ಟು ಮೋಸ ಮಾಡೀರಿ, ಖರ್ಚು ನೀವೇ ಕೊಡ್ರಿ." ಏನೂ ಇಲ್ಲವೆಂಬುದಕ್ಕೂ ಅದೇ ಕಾಗದ, ರೋಗವಿದೆ ಎಂಬುದಕ್ಕೂ ಅದೇ ಕಾಗದ!

ಇನ್ನು ಕೇಳದೇ ಉಳಿಯುವ ಪ್ರಶ್ನೆಗಳು. ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ತಿಂಗಳುಗಟ್ಟಲೆ ನುಂಗಿದರೆ ಆ ಗುಳಿಗೆಯೇ ತಲೆನೋವು ತರುತ್ತದೆ. ಮೆಡಿಕಲ್ ಶಾಪಿನ ಪಟ್ಟಿಯ ಮೇಲೆ ಬದುಕುವ ಹೆಂಗಸಿಗೆ ಇದನ್ನು ಹೇಳಿದವರುಂಟೆ? ನೋವು ಬಾರದಂತೆ ತಡೆಯುವ ಪ್ರೊಪ್ರನೊಲಾಲ್‌ನಂಥ ಅಗ್ಗದ ಔಷಧಿಗಳಿವೆ, ಆದರೆ ಉಬ್ಬಸವಿದ್ದವರಿಗೆ ಅದು ಕೂಡದು. ವಾಲ್‌ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಅಪಾಯ. ಬೆಳಕಿನ ಗೆರೆ ಕಾಣುವ ಮೈಗ್ರೇನ್ ಇದ್ದವರು ಮಾಲಾ-ಎನ್‌ನಂಥ ಗರ್ಭನಿರೋಧಕ ಗುಳಿಗೆ ನುಂಗಿದರೆ ಪಾರ್ಶ್ವವಾಯುವಿನ ಭಯ ಹೆಚ್ಚು, ಅವರು ಬೇರೆ ಉಪಾಯ ಕೇಳಿ ಪಡೆಯಬೇಕು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: "ಯಾರಾದರೂ ತಲೆಗೆ ಹೊಡೆದರೇನಮ್ಮ?" 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ತಲೆಗೆ ಪೆಟ್ಟು ಬಿದ್ದ ಮೇಲೆ ಬರುವ ತಲೆನೋವನ್ನು ವೈದ್ಯಶಾಸ್ತ್ರ ಬೇರೆಯೇ ವರ್ಗದಲ್ಲಿಟ್ಟಿದೆ. ಹಿಂಸೆಯ ಅನುಮಾನವಿದ್ದರೆ ಹೆಂಗಸನ್ನು ಒಬ್ಬಳೇ ಇರುವಾಗ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿಯೇ ಹೇಳಿದೆ. ಹೊಡೆದವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರೆ ಯಾವ ಹೆಣ್ಣು ಬಾಯಿ ಬಿಡುತ್ತಾಳೆ?

"ತಜ್ಞರು ಕಡಿಮೆ, ರೋಗಿಗಳು ಹೆಚ್ಚು, ಅವರಾದರೂ ಏನು ಮಾಡಿಯಾರು?" ಎನ್ನುವವರಿದ್ದಾರೆ. ಸರಿ. ಆದರೆ ಹೆಚ್ಚಿನ ಮೈಗ್ರೇನಿಗೆ ತಜ್ಞರೇ ಬೇಕಿಲ್ಲ, ತರಬೇತಿ ಪಡೆದ ತಾಲ್ಲೂಕು ವೈದ್ಯರು ಸಾಕು. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಶುರು ಮಾಡಿದ ಮೆದುಳು ಆರೋಗ್ಯ ಯೋಜನೆಯ ತಿರುಳೇ ಇದು. ತಲೆನೋವು ಅದರ ಪಟ್ಟಿಯಲ್ಲಿದೆ. ಅದು ಘಟ್ಟ ಹತ್ತಿ ನಮ್ಮ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಿಗೆ ಬರಲಿ. ವಾರಕ್ಕೊಂದು ದಿನ ತಲೆನೋವಿನ ಓಪಿಡಿ ಇರಲಿ, ಔಷಧಿ ಅಲ್ಲಿಯೇ ಸಿಗಲಿ, ತೊಂದರೆಯಾದರೆ ಉತ್ತರ ಕೊಡುವ ಒಂದು ಫೋನ್ ಇರಲಿ. ಹೆಂಗಸನ್ನು ಐದು ನಿಮಿಷ ಒಬ್ಬಳನ್ನೇ ಮಾತಾಡಿಸುವುದು ನಿಯಮವಾಗಲಿ. ಅದಕ್ಕೆ ಹಣ ಬೇಕಿಲ್ಲ, ಒಂದು ಬಾಗಿಲು ಮುಚ್ಚಿದರೆ ಸಾಕು.

ಕಾನೂನು ನಮ್ಮ ಕಡೆಗಿದೆ, ಬಳಸಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 3ನೇ ಕಲಮು ಹೆಣ್ಣಿನ ದೈಹಿಕ, ಮಾನಸಿಕ ಆರೋಗ್ಯಕ್ಕೆ ಅಪಾಯ ತರುವುದನ್ನೂ ಹಿಂಸೆ ಎನ್ನುತ್ತದೆ. 7ನೇ ಕಲಮಿನ ಪ್ರಕಾರ ನೊಂದವಳು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. 20ನೇ ಕಲಮಿನಡಿ ಚಿಕಿತ್ಸೆಯ ಖರ್ಚು ಕೇಳಬಹುದು. ಮನೆ ಕಟ್ಟಲು ತವರಿನಿಂದ ಹಣ ತಾ ಎಂದದ್ದೂ ವರದಕ್ಷಿಣೆಯೇ ಎಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಹೇಳಿದ ಮೇಲೆ, ಸೊಸೆಯ ಔಷಧಿಯ ಹೆಸರಿನಲ್ಲಿ ತವರನ್ನು ಹಿಂಡುವುದನ್ನು ನಾವೇಕೆ ಪ್ರಶ್ನಿಸಬಾರದು?

ಗೆಳತಿಯರೇ, ಒಂದು ನೋಟುಬುಕ್ಕು ಇಡಿ. ನೋವು ಬಂದ ದಿನ, ಮುಟ್ಟಿನ ದಿನ, ನುಂಗಿದ ಗುಳಿಗೆ, ಪೆಟ್ಟು ಬಿದ್ದ ದಿನ, ಆಸ್ಪತ್ರೆಗೆ ಹೋಗಲು ಬಿಡದ ದಿನ, ಎಲ್ಲವನ್ನೂ ಬರೆಯಿರಿ. ಬರೆಯಲು ಬಾರದವರಿಗೆ ಬರೆಯಬಲ್ಲವರು ಬರೆದುಕೊಡಿ. ಡಾಕ್ಟರ ಬಳಿ ಸಂಘದ ಗೆಳತಿಯನ್ನು ಕರೆದುಕೊಂಡು ಹೋಗಿ. ಪ್ರಶ್ನೆ ಗಂಡನ ಕಡೆ ತಿರುಗಿದರೆ ಅಲ್ಲಿಯೇ ಹೇಳಿ: "ನೋವು ನನಗೈತ್ರಿ, ನನ್ನನ್ನ ಕೇಳ್ರಿ."